ಒಂದು ಗುಡಿಸಿನ ಅಂತರ

“ಬುದ್ಧೀ, ‘ನನ್ನದು’ ಎಂಬ ಮಾತನ್ನು ಬಿಟ್ಟವನಲ್ಲಿಯೂ ಭಯ ಏಕೆ ಉಳಿಯುತ್ತದೆ?”

ಶಿಷ್ಯನಾದ ಶಂಭುಲಿಂಗ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತಿದ್ದರು. ಬೆಳಗಿನ ಪೂಜೆ ಮುಗಿದಿತ್ತು. ಅವರು ಕೇಳಿದವನ ಮುಖವನ್ನು ನೋಡಿದರು.

“ಯಾವಾಗ ಬಿಟ್ಟೆ?” ಎಂದರು.

“ಗುಡ್ಡದಾಚೆಯ ಶಾಲೆಯನ್ನು ತಾವು ನನಗೆ ಒಪ್ಪಿಸಿದ ದಿನವೇ ಬಿಟ್ಟೆ. ಅಲ್ಲಿ ಯಾರು ಏನು ಕೇಳಿದರೂ, ಇದೆಲ್ಲ ಬುದ್ಧಿಯವರದು, ನನ್ನದೇನೂ ಇಲ್ಲ ಎನ್ನುತ್ತೇನೆ. ಬಾವಿಯ ಕಟ್ಟೆ ಬಿರುಕು ಬಿಟ್ಟಿದೆ ಎಂದು ಮಕ್ಕಳ ತಾಯಂದಿರು ಬಂದು ಹೇಳಿದರು. ಬುದ್ಧಿಯವರ ಬಾವಿ, ಅವರೇ ನೋಡಿಕೊಳ್ಳುತ್ತಾರೆ ಎಂದೆ. ಆ ಮಾತಿನಲ್ಲಿ ಅಹಂಕಾರವಿರಲಿಲ್ಲ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ.”

“ಬಾವಿಯ ವಿಷಯ ನನಗೆ ಯಾರೂ ತಿಳಿಸಲಿಲ್ಲವಲ್ಲ.”

“ತಮಗೆ ತಿಳಿಯದ್ದು ಏನಿದೆ ಬುದ್ಧೀ?”

ಗುರುಗಳು ನಕ್ಕರು. “ಕುಳಿತುಕೋ. ಒಂದು ವಿಮಾನದ ಕತೆ ಹೇಳುತ್ತೇನೆ.”

“ಪುರಾಣದ ವಿಮಾನವೇ?”

“ಅಲ್ಲಪ್ಪ. ಪೆಟ್ರೋಲು ಕುಡಿದು ಹಾರುವ ವಿಮಾನ.”

ಶಂಭುಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬಳು ಮಗಳು. ಅವಳು ಹರಿಗೋಲಿನಲ್ಲಿಯೇ ಬೆಳೆದಳು. ಗಾಳಿಯಿಲ್ಲದ ಹೊತ್ತಿನಲ್ಲಿ ಹೊಳೆಯ ನೀರು ನಿಂತಂತೆ ತೋರುತ್ತಿತ್ತು. ಆಗ ಆಕಾಶವೆಲ್ಲ ನೀರಿಗೆ ಇಳಿಯುತ್ತಿತ್ತು. ಹರಿಗೋಲು ಮೋಡಗಳ ಮೇಲೆ ಸಾಗುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹೊಳೆಯ ಆಚೆಯ ಬಯಲಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯೊಂದಿತ್ತು. ಅಲ್ಲಿಂದ ಎದ್ದ ಪುಟ್ಟ ವಿಮಾನ ಆಗಾಗ ಕಡವಿನ ಮೇಲೆ ಹಾದುಹೋಗುತ್ತಿತ್ತು. ಉಳಿದವರು ತಲೆಯೆತ್ತಿ ನೋಡುತ್ತಿದ್ದರು. ಅವಳು ಮಾತ್ರ ಬಗ್ಗಿ ನೋಡುತ್ತಿದ್ದಳು. ನೀರಿನೊಳಗೆ, ಅವಳ ಹರಿಗೋಲಿನ ಅಡಿಯಲ್ಲಿ, ಅದು ಬಿಳಿಯ ಮೀನಿನಂತೆ ಒಂದು ಮೋಡದಿಂದ ಇನ್ನೊಂದು ಮೋಡಕ್ಕೆ ದಾಟುತ್ತಿತ್ತು. ಅದರೊಳಗೆ ಕುಳಿತವರಿಗೆ ಯಾವ ದಡ ಸಿಗುತ್ತದೆ ಎಂದು ಅವಳು ಯೋಚಿಸುತ್ತಿದ್ದಳು. ಕೇಳಲು ಯಾರೂ ಇರಲಿಲ್ಲ. ಆ ಯೋಚನೆಯೊಂದಿಗೇ ಅವಳು ದೊಡ್ಡವಳಾದಳು.

ಮುಂದೆ ಅವಳು ಆ ಶಾಲೆಗೆ ಸೇರಿದಳು. ಪೈಲಟ್ ಪರವಾನಗಿ ಪಡೆಯಬೇಕು, ತಾನೇ ಹಾರಿಸಿಕೊಂಡು ಆ ಕಡವಿನ ಮೇಲೆ ಹಾದುಹೋಗಬೇಕು. ಅವಳಿಗೆ ಬೇರೆ ಬಯಕೆಯಿರಲಿಲ್ಲ.

ಅವಳಿಗೆ ಕಲಿಸಲು ಒಬ್ಬ ಶಿಕ್ಷಕ ದೊರೆತ. ಕಲಿಯುವವರ ವಿಮಾನದಲ್ಲಿ ಎರಡೇ ಆಸನ. ಮುಂದಿನದರಲ್ಲಿ ಕಲಿಯುವವರು, ಹಿಂದಿನದರಲ್ಲಿ ಶಿಕ್ಷಕ. ಇಬ್ಬರ ಮುಂದೆಯೂ ಒಂದೊಂದು ಹಿಡಿಕೋಲು. ಎರಡೂ ಕೋಲುಗಳು ಒಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಮುಂದಿನವರಿಗೆ ಹಿಂದಿನವರ ಕೈ ಕಾಣುವುದಿಲ್ಲ. ಹಿಂದಿನವರಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಕೋಲನ್ನು ಅಲುಗಿಸಿದ ಕೈ ಯಾರದು ಎಂಬುದು ನೋಟಕ್ಕೆ ಸಿಕ್ಕುವ ಸಂಗತಿಯಲ್ಲ.

ಆದ್ದರಿಂದ ಅಲ್ಲಿ ಮಾತಿನ ಒಂದು ಪದ್ಧತಿಯಿತ್ತು. ಶಿಕ್ಷಕ ಕೋಲನ್ನು ಬಿಟ್ಟುಕೊಡುವಾಗ ‘ನಿನ್ನದು’ ಎನ್ನಬೇಕು. ಕಲಿಯುವವರು ಅದನ್ನು ಹಿಡಿದು ‘ನನ್ನದು’ ಎನ್ನಬೇಕು. ಶಿಕ್ಷಕ ಹಿಂದಕ್ಕೆ ಪಡೆಯುವಾಗ ‘ನನ್ನದು’ ಎನ್ನುತ್ತಾನೆ. ಆಗ ಕಲಿಯುವವರು ‘ನಿಮ್ಮದು’ ಎಂದು ಕೈ ತೆಗೆಯಬೇಕು. ಎದುರಿನ ಮಾತು ಕಿವಿಗೆ ಬೀಳುವವರೆಗೆ ಹಿಡಿದವರು ಬಿಡುವಂತಿಲ್ಲ. ಆಕಾಶದಲ್ಲಿ ಒಂದು ಕ್ಷಣವೂ ಕೋಲು ಯಾರದೂ ಅಲ್ಲದೆ ಇರಬಾರದು ಎಂಬುದು ಆ ಪದ್ಧತಿಯ ತಿರುಳು.

ಮೊದಲ ದಿನ ವಿಮಾನ ಇನ್ನೂ ನೆಲದ ಮೇಲೆಯೇ ನಿಂತಿತ್ತು. ಪಾಠಕ್ಕಾಗಿ ಶಿಕ್ಷಕ “ನಿನ್ನದು” ಎಂದ.

“ತಮ್ಮದೇ ಸಾರ್” ಎಂದಳು ಅವಳು.

“ಏನಂದೆ?”

“ತಮ್ಮದೇ.”

“ನಿಮ್ಮನೆ ಎಮ್ಮೆ ಯಾರದು ಅಂತ ಕೇಳಿದೆನೇನಮ್ಮ ನಾನು?”

ಅವಳಿಗೆ ನಾಚಿಕೆಯಾಯಿತು. “ದೊಡ್ಡವರ ಎದುರಿಗೆ ನನ್ನದು ಅನ್ನಬಾರದು ಅಂತ ಅಪ್ಪ ಕಲಿಸಿದ್ದಾರೆ ಸಾರ್. ಈ ಹರಿಗೋಲು ಯಾರದಪ್ಪ ಅಂತ ಹತ್ತಿದವರು ಕೇಳಿದರೆ, ಅಪ್ಪ ತಮ್ಮದೇ ಅಂತಾರೆ.”

“ಒಳ್ಳೆಯ ಮಾತು. ಹಾಗೆ ಹೇಳಿ ಹುಟ್ಟನ್ನೂ ಅವರ ಕೈಗೇ ಕೊಡುತ್ತಾರೋ?”

ಅವಳು ನಕ್ಕಳು. ಶಿಕ್ಷಕನೂ ನಕ್ಕ. ಆ ದಿನದ ಪಾಠ ಮುಗಿಯುವ ಹೊತ್ತಿಗೆ ಅವಳು ‘ನನ್ನದು’ ಎನ್ನುವುದನ್ನು ಅಭ್ಯಾಸ ಮಾಡಿಕೊಂಡಳು.

ಬಳಿಕ ಅವಳು ಬೇಗ ಕಲಿತಳು. ಏರುವುದನ್ನು ಕಲಿತಳು, ತಿರುಗುವುದನ್ನು ಕಲಿತಳು. ಗಾಳಿಯ ಬೀಸನ್ನು ಬೇರೆಯವರಿಗಿಂತ ಮೊದಲೇ ಅರಿಯುತ್ತಿದ್ದಳು. ಆದರೆ ‘ನನ್ನದು’ ಎಂಬ ಮಾತು ಅವಳ ತುಟಿಯಿಂದ ಒಳಗೆ ಇಳಿಯಲಿಲ್ಲ. ವಿಮಾನ ನೆಟ್ಟಗೆ ಹಾರುವಾಗ ಕೋಲು ಅವಳದಾಗಿರುತ್ತಿತ್ತು. ಇಳಿಯುವಾಗ, ನೆಲ ಮೇಲೆದ್ದು ಬರುವಂತೆ ತೋರುವ ಆ ಕೊನೆಯ ಗಳಿಗೆಯಲ್ಲಿ, ಅವಳ ಕೈ ಸಡಿಲವಾಗುತ್ತಿತ್ತು. ಹಿಂದೆ ದೊಡ್ಡವರಿದ್ದಾರೆ ಎಂಬ ನೆನಪು ಅವಳ ಬೆರಳುಗಳಲ್ಲಿತ್ತು. ಹಿಂದಿನ ಆಸನದಿಂದ ಶಿಕ್ಷಕ ಮೆಲ್ಲನೆ ಕೋಲನ್ನು ಎಳೆಯುತ್ತಿದ್ದ. ಚಕ್ರಗಳು ನೋವಾಗದಂತೆ ನೆಲವನ್ನು ಮುಟ್ಟುತ್ತಿದ್ದವು. ಎಷ್ಟು ಚೆಂದ ಇಳಿಯಿತು ಎಂದು ಅವಳು ಬೆರಗಾಗುತ್ತಿದ್ದಳು.

ಶಿಕ್ಷಕನಿಲ್ಲದೆ ಒಂಟಿಯಾಗಿ ಹಾರಿ ಇಳಿದವರಿಗೆ ಮಾತ್ರ ಪರವಾನಗಿಯ ದಾರಿ ತೆರೆಯುತ್ತಿತ್ತು. ಅವಳ ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಒಂಟಿ ಹಾರಾಟ ಮುಗಿಸಿದರು. ಹಾಗೆ ಹಾರಿ ಬಂದವರ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿಯುವುದು ಅಲ್ಲಿಯ ರೂಢಿ. ಪ್ರತಿಸಲವೂ ಬಕೆಟ್ ತುಂಬಿಕೊಂಡು ಬಂದವಳು ಅವಳೇ.

“ನಮ್ಮನ್ನೆಲ್ಲ ದಡ ಸೇರಿಸಿ ನೀನು ಹೊಳೆಯಲ್ಲೇ ಉಳಿದೆಯಲ್ಲ, ಅಂಬಿಗರಮ್ಮ” ಎಂದ ಜೊತೆಯವನೊಬ್ಬ, ತಲೆ ಒರೆಸಿಕೊಳ್ಳುತ್ತ.

“ಕೊನೆಗೆ ಇಳಿಯುವವರೇ ಅಂಬಿಗರು” ಎಂದು ಅವಳು ನಕ್ಕಳು. ಆದರೆ ಖಾಲಿ ಬಕೆಟ್ಟನ್ನು ಇಡಲು ಹೋದವಳು ಬಹಳ ಹೊತ್ತು ಹಿಂದಿರುಗಲಿಲ್ಲ.

ಮುಂಗಾರು ಹತ್ತಿರವಾಯಿತು. ಮಳೆಗಾಲದಲ್ಲಿ ಆ ಶಾಲೆ ಹಾರಾಟವನ್ನು ನಿಲ್ಲಿಸುತ್ತಿತ್ತು. ಅಷ್ಟರೊಳಗೆ ಒಂಟಿಯಾಗಿ ಹಾರದವರನ್ನು ಮನೆಗೆ ಕಳುಹಿಸುವುದು ನಿಯಮ. ಒಂದು ಸಂಜೆ ಶಿಕ್ಷಕ ಅವಳನ್ನು ಕರೆದ.

“ಇವತ್ತು ವಿಮಾನ ಇಳಿಸಿದ್ದು ಯಾರಮ್ಮ?”

“ತಾವು ಸಾರ್.”

“ನಿನ್ನೆ?”

ಅವಳು ಯೋಚಿಸಿದಳು. “ಗೊತ್ತಿಲ್ಲ ಸಾರ್.”

“ನನಗೂ ಗೊತ್ತಿಲ್ಲ. ನಿನ್ನಲ್ಲಿ ಇರುವ ತೊಂದರೆ ಅದೊಂದೇ.” ಅವನು ಪಡುವಣದ ಕಡೆ ನೋಡಿದ. ಮೋಡಗಳು ಅಲ್ಲಿ ಒಂದರ ಮೇಲೊಂದು ಕೂಡುತ್ತಿದ್ದವು. “ನಾಳೆ ಬೆಳಗ್ಗೆ ಒಂದು ಸಲ ಹೋಗಿ ಬರೋಣ. ನಾಳೆಯೂ ನಿನ್ನನ್ನು ಒಂಟಿಯಾಗಿ ಬಿಡಲು ನನಗೆ ಮನಸ್ಸು ಬಾರದಿದ್ದರೆ, ನೀನು ಊರಿಗೆ ಹೊರಡಬೇಕಾಗುತ್ತದೆ.”

“ಆಗಲಿ ಸಾರ್” ಎಂದಳು. ಅಷ್ಟು ಹೇಳುವಾಗಲೂ ಅವಳ ದನಿಯಲ್ಲಿ ವಿನಯವಿತ್ತು.

ಮರುದಿನ ಬೆಳಗಿನಲ್ಲಿ ಅವರಿಬ್ಬರೂ ಏರಿದರು. ಬಯಲಿನ ಮೇಲೆ ಮಂಜು ಇನ್ನೂ ಮಲಗಿತ್ತು. ಏರುವಾಗ ಕೋಲು ಶಿಕ್ಷಕನ ಕೈಯಲ್ಲಿತ್ತು. ವಿಮಾನ ಮಂಜನ್ನು ದಾಟಿತು, ತೆಳುವಾದ ಒಂದು ಮೋಡವನ್ನು ದಾಟಿತು, ಬೆಳಕಿಗೆ ಬಂದಿತು. ಮೇಲೆ ಏನೂ ಇರಲಿಲ್ಲ. ಕೆಳಗೆ ಮೋಡಗಳ ನಡುವೆ ಹೊಳೆ ಒಂದು ಕಡೆ ಮಿನುಗಿ, ಮರೆಯಾಗಿ, ಮತ್ತೊಂದು ಕಡೆ ಮಿನುಗಿತು. ಅವಳು ಬಾಲ್ಯದಲ್ಲಿ ನೀರಿನೊಳಗೆ ಕಂಡ ಆಕಾಶ ಇದೇ. ಈಗ ಆಕಾಶದ ಕೆಳಗೆ ನೀರು ಕಾಣುತ್ತಿತ್ತು. ಯಾವುದು ಯಾವುದರಲ್ಲಿದೆ ಎಂದು ಅವಳಿಗೆ ತಿಳಿಯದಾಯಿತು.

ಶಿಕ್ಷಕ ವಿಮಾನವನ್ನು ಸಮಕ್ಕೆ ತಂದ. ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ, ಮೂಗು ಏರದಂತೆ, ಇಳಿಯದಂತೆ ಹದಗೊಳಿಸಿದ. ಆಮೇಲೆ, ಕಿವಿಗೆ ಕಟ್ಟಿಕೊಂಡ ಯಂತ್ರದ ಮೂಲಕ “ನಿನ್ನದು” ಎಂದ.

ಎಂಜಿನ್ನಿನ ಸದ್ದು ಆ ಮಾತಿನ ಅರ್ಧವನ್ನು ನುಂಗಿತು. ನೋಡು ಶಂಭುಲಿಂಗ, ‘ನಿನ್ನದು’ ಎಂಬುದಕ್ಕೂ ‘ನನ್ನದು’ ಎಂಬುದಕ್ಕೂ ಬರೆಹದಲ್ಲಿ ಒಂದು ಗುಡಿಸಿನ ಅಂತರ. ಆ ಗುಡಿಸು ಗಾಳಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು. ಶಿಕ್ಷಕ ‘ನನ್ನದು’ ಎಂದನೆಂದು ಅವಳು ಕೇಳಿಸಿಕೊಂಡಳು. ಕೋಲು ತನ್ನ ಬಳಿಯೇ ಇರಲಿ ಎನ್ನುತ್ತಿದ್ದಾರೆ ಎಂದುಕೊಂಡಳು. ಕೇಳಬೇಕೆಂದು ಅವಳ ಮನಸ್ಸು ಬಯಸಿದ್ದುದೂ ಅದೇ ಮಾತು. ಸಮಾಧಾನದಿಂದ “ನಿಮ್ಮದು ಸಾರ್” ಎಂದಳು.

ಅದೇ ಸದ್ದು ಅವಳ ಮಾತನ್ನೂ ಮಬ್ಬಾಗಿಸಿತು. ‘ನನ್ನದು’ ಎಂದಳೆಂದು ಶಿಕ್ಷಕ ತಿಳಿದ. ಅವನು ಕೇಳಬೇಕೆಂದಿದ್ದುದೂ ಅದನ್ನೇ. ಅವನು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವಳ ಕೈಗಳು ಮೊದಲೇ ಅವಳ ತೊಡೆಯ ಮೇಲಿದ್ದವು.

ವಿಮಾನ ಹಾರಿತು.

ಅದು ಅಲುಗಲಿಲ್ಲ. ಬೆಳಗಿನ ಗಾಳಿ ಇನ್ನೂ ಎಚ್ಚರಗೊಂಡಿರಲಿಲ್ಲ. ಮೋಡಗಳು ಕೆಳಗಿನಿಂದ ಹಿಂದಕ್ಕೆ ಸರಿಯುತ್ತಿದ್ದವು. ವಿಮಾನದ ನೆರಳು ಒಂದು ಮೋಡದ ಮೇಲೆ ಬಿದ್ದಿತ್ತು. ನೆರಳಿನ ಸುತ್ತ ಬಣ್ಣದ ಒಂದು ಬಳೆ. ಅವರು ಹೋದಲ್ಲೆಲ್ಲ ಆ ಬಳೆ ಜೊತೆಯಲ್ಲಿ ಬಂದಿತು. ಅವಳು ಅದನ್ನೇ ನೋಡುತ್ತ ಕುಳಿತಳು. ಇವರ ಕೈ ಎಷ್ಟು ನಿಶ್ಚಲವಾಗಿದೆ, ಹಾರಿಸುತ್ತಿರುವುದೇ ತಿಳಿಯುವುದಿಲ್ಲ, ಇಂಥ ಕೈ ನನಗೆ ಎಂದು ಬರುತ್ತದೆ ಎಂದುಕೊಂಡಳು. ನಾಳೆ ಊರಿಗೆ ಹೋಗಬೇಕಾದರೂ ಈ ಒಂದು ಬೆಳಗು ಸಾಕು ಎಂದೂ ಅನ್ನಿಸಿತು. ಕೋಲನ್ನು ಬಿಟ್ಟು ಕುಳಿತವಳಿಗೆ ಆಕಾಶ ಮೊದಲ ಬಾರಿಗೆ ಪೂರ್ತಿಯಾಗಿ ಕಂಡಿತು.

ಹಿಂದೆ ಕುಳಿತ ಶಿಕ್ಷಕ ಅವಳ ಬೆನ್ನನ್ನು ನೋಡುತ್ತಿದ್ದ. ಹೆಗಲು ಬಿಗಿದಿರಲಿಲ್ಲ. ತಲೆ ನೆಟ್ಟಗಿತ್ತು. ಒಂದು ರಾತ್ರಿಯಲ್ಲಿ ಈ ಹುಡುಗಿಗೆ ಏನಾಯಿತು ಎಂದು ಅವನು ಬೆರಗಾದ. ಇಂದು ಇವಳನ್ನು ಒಂಟಿಯಾಗಿ ಕಳುಹಿಸಬಹುದು ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿದ.

ಹೀಗೆ ಅವರು ಬಹಳ ದೂರ ಸಾಗಿದರು. ಕೊನೆಗೆ ಶಿಕ್ಷಕ ಮಾತನಾಡಿದ.

“ಇವತ್ತು ನಿನ್ನ ಕೈ ತುಂಬ ಶಾಂತವಾಗಿದೆಯಮ್ಮ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?”

ಈ ಸಲ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು.

“ನನ್ನ ಕೈ ತೊಡೆಯ ಮೇಲಿದೆ ಸಾರ್” ಎಂದಳು.

ಶಿಕ್ಷಕ ತನ್ನ ಕೈಗಳನ್ನು ನೋಡಿಕೊಂಡ.

“ನನ್ನದೂ ಅಲ್ಲೇ ಇದೆಯಮ್ಮ” ಎಂದ.

ಇಬ್ಬರ ಮುಂದೆಯೂ ಕೋಲುಗಳು ಯಾರ ಕೈಯೂ ಇಲ್ಲದೆ ನಿಂತಿದ್ದವು. ವಿಮಾನ ಇನ್ನೂ ನೆಟ್ಟಗೆ ಹಾರುತ್ತಿತ್ತು.

ಆಮೇಲೆ ಎಡ ರೆಕ್ಕೆ ವಾಲತೊಡಗಿತು.

ಅದು ಥಟ್ಟನೆ ವಾಲಲಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ನಿಧಾನವಾಗಿ ವಾಲಿತು. ಹೊಳೆ ಒಂದು ಕಡೆಯಿಂದ ಮೇಲಕ್ಕೆದ್ದಿತು. ಮೋಡಗಳು ಓರೆಯಾದವು. ನೆರಳಿನ ಸುತ್ತಲಿನ ಬಣ್ಣದ ಬಳೆ ಜಾರಿ ಎಲ್ಲಿಯೋ ಹೋಯಿತು. ಎಂಜಿನ್ನಿನ ದನಿ ಏರಿತು.

ಅವಳು ಕೋಲನ್ನು ನೋಡಿದಳು. ಈಗ ಅಲುಗುತ್ತದೆ ಎಂದು ಕಾದಳು. ಪ್ರತಿಸಲವೂ ಇಂಥ ಹೊತ್ತಿನಲ್ಲಿ ಅದು ತಾನಾಗಿಯೇ ಅಲುಗಿತ್ತು. ಇಂದು ಅಲುಗಲಿಲ್ಲ.

ಶಿಕ್ಷಕನ ಕೈಗೂ ಕೋಲಿಗೂ ನಡುವೆ ಒಂದು ಗೇಣು. ಅವನಿಗೆ ಭಯವಿರಲಿಲ್ಲವೆಂದಲ್ಲ. ವಿಮಾನ ಬಹಳ ಎತ್ತರದಲ್ಲಿದೆ, ಸರಿಪಡಿಸಲು ಇನ್ನೂ ಹೊತ್ತಿದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಗೊತ್ತಿತ್ತು. ಈಗ ತಾನು ಹಿಡಿದರೆ ವಿಮಾನ ಉಳಿಯುತ್ತದೆ. ಆದರೆ ಇವಳು ಜನ್ಮವಿಡೀ ಆ ಗುಡಿಸನ್ನು ಕೇಳಿಸಿಕೊಳ್ಳುವುದಿಲ್ಲ. ‘ನಿನ್ನದು’ ಎಂದು ಇನ್ನೊಮ್ಮೆ ಹೇಳೋಣವೆಂದುಕೊಂಡ. ಹೇಳಲಿಲ್ಲ. ಹೇಳಿದರೆ ಅವಳು ಮಾತಿಗೆ ವಿಧೇಯಳಾಗುತ್ತಾಳೆ, ಅಷ್ಟೇ. ಅವನು ಎರಡು ಕೈಗಳನ್ನೂ ಒಂದರೊಳಗೊಂದು ಹೆಣೆದುಕೊಂಡು ಕುಳಿತ.

ರೆಕ್ಕೆ ಇನ್ನೂ ವಾಲಿತು. ಆಸನದ ಪಟ್ಟಿ ಅವಳ ಹೆಗಲನ್ನು ಒತ್ತಿತು. ಮೂಗು ಕೆಳಕ್ಕೆ ಬಾಗಿತು. ಹಿಂದಿನಿಂದ ಒಂದು ಮಾತು ಬಂದೀತೆಂದು ಅವಳು ಕಿವಿಗೊಟ್ಟಳು. ಉಸಿರಾಟದ ಸದ್ದೊಂದೇ ಕೇಳಿಸಿತು. ಅದು ತನ್ನದೋ ಅವರದೋ ತಿಳಿಯಲಿಲ್ಲ. ಕೆಳಗೆ ಮೋಡದ ಬಿರುಕಿನಲ್ಲಿ ಹೊಳೆ ಕಂಡಿತು. ಹೊಳೆಯೆಂದರೆ ಅದು ಈಗ ಕನಸಿನ ಮಿನುಗಾಗಿರಲಿಲ್ಲ. ನೀರಾಗಿತ್ತು, ದಡವಾಗಿತ್ತು, ದಡದ ಮೇಲೆ ಮನೆಗಳಾಗಿತ್ತು.

“ನನ್ನದು” ಎಂದಳು.

ಯಾರೂ ಕೊಡದಿದ್ದ ಕೋಲನ್ನು ಅವಳು ಹಿಡಿದಳು. ಎಂಜಿನ್ನಿನ ಕೂಗನ್ನು ತಗ್ಗಿಸಿದಳು, ರೆಕ್ಕೆಯನ್ನು ಎತ್ತಿದಳು, ಮೂಗನ್ನು ಮೆಲ್ಲನೆ ಮೇಲಕ್ಕೆ ತಂದಳು. ಹೊಳೆ ತನ್ನ ಜಾಗಕ್ಕೆ ಹಿಂದಿರುಗಿತು. ಅವಳ ಕೈಯ ಒಂದೊಂದು ಚಲನೆಯೂ ಹಿಂದಿನ ಕೋಲಿಗೂ ಬಂದಿತು. ಶಿಕ್ಷಕ ಅದನ್ನು ನೋಡುತ್ತ ಕುಳಿತ, ಮುಟ್ಟಲಿಲ್ಲ.

“ನಿನ್ನದು” ಎಂದ.

ಅವಳು ಬಯಲಿಗೆ ಮರಳಿದಳು. ಮಂಜು ಕರಗಿತ್ತು. ನೆಲ ಮೇಲೆದ್ದು ಬಂದಿತು. ಆ ಕೊನೆಯ ಗಳಿಗೆಯಲ್ಲಿ ಅವಳ ಕೈ ಸಡಿಲವಾಗಲಿಲ್ಲ. ಚಕ್ರಗಳು ನೆಲಕ್ಕೆ ಬಡಿದವು, ಒಂದು ಸಲ ಪುಟಿದವು, ಮತ್ತೆ ಬಡಿದು ಓಡಿದವು. ಅಷ್ಟು ಒರಟಾಗಿ ಆ ವಿಮಾನ ಎಂದೂ ಇಳಿದಿರಲಿಲ್ಲ.

“ಇದನ್ನು ಇಳಿಸಿದ್ದು ಯಾರು?” ಎಂದ ಶಿಕ್ಷಕ.

“ನಾನು ಸಾರ್.”

“ನನ್ನ ಸೊಂಟಕ್ಕೂ ಗೊತ್ತಾಯಿತು ಬಿಡು.”

ಎಂಜಿನ್ನು ಓಡುತ್ತಿರುವಾಗಲೇ ಅವನು ಕೆಳಗಿಳಿದ. ಹಿಂದಿನ ಆಸನದ ಪಟ್ಟಿಗಳನ್ನು ಕೋಲಿಗೆ ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಕಟ್ಟಿದ. ಅವಳು ತಿರುಗಿ ನೋಡಿದಳು.

“ತಾವು ಎಲ್ಲಿಗೆ ಸಾರ್?”

“ಕಾಫಿ ಕುಡಿಯಲು. ನೀನು ಒಂದು ಸುತ್ತು ಹೋಗಿ ಬಾ.”

“ಒಬ್ಬಳೇನಾ?”

“ಮೇಲೆ ಯಾರಾದರೂ ಸಿಕ್ಕಿದರೆ ಮಾತಾಡಿಸಿಕೊಂಡು ಬಾ” ಎಂದು ಹೇಳಿ ಅವನು ಹಿಂದಿರುಗಿ ನೋಡದೆ ನಡೆದ.

ಅವಳು ಏರಿದಳು. ಹಿಂದಿನ ಆಸನ ಬರಿದಾಗಿತ್ತು. ವಿಮಾನ ಹಗುರವಾಗಿತ್ತು, ಬೇಗ ನೆಲ ಬಿಟ್ಟಿತು. ಬಯಲಿನ ಅಂಚಿನಲ್ಲಿ ನಿಂತವರು ಕೊರಳು ಎತ್ತಿ ನೋಡಿದರು. ಅವಳು ತಿರುಗಿದಳು, ಸುತ್ತಿದಳು, ಇಳಿದಳು. ಮುಂಗಾರಿನ ಮೊದಲ ಮಳೆ ಬಿದ್ದಾಗ ಅವಳು ಊರಿಗೆ ಹೊರಡಬೇಕಾಗಿರಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು.

ಶಂಭುಲಿಂಗನ ಕಣ್ಣುಗಳು ಅರೆಮುಚ್ಚಿದ್ದವು. ಅವನ ಮನಸ್ಸು ಇನ್ನೂ ಆ ಮೋಡಗಳ ಮೇಲೆಯೇ ಇತ್ತು, ಯಾರ ಕೈಯೂ ಇಲ್ಲದೆ ವಿಮಾನ ನೆಟ್ಟಗೆ ಸಾಗಿದ ಆ ಹೊತ್ತಿನಲ್ಲಿ. ಅವನ ಮುಖದಲ್ಲಿ ಭಕ್ತಿ ಮೂಡಿತು. ಅವನು ಕೈ ಮುಗಿದ.

“ತಿಳಿಯಿತು ಬುದ್ಧೀ. ಇಬ್ಬರೂ ಕೈ ಬಿಟ್ಟು ಕುಳಿತಿದ್ದ ಅಷ್ಟು ಹೊತ್ತು ಆ ವಿಮಾನವನ್ನು ಹಿಡಿದಿದ್ದವನು ಶಿವನೇ ಅಲ್ಲವೇ?”

“ಇದ್ದರೂ ಇರಬಹುದು” ಎಂದರು ಗುರುಗಳು, “ರೆಕ್ಕೆ ವಾಲಿದ್ದು, ಅವನೂ ‘ನಿನ್ನದು’ ಎಂದಾಗ.”